ಮೂರೂ ಸೇನೆಗಳ ರೇಡಿಯೋಗೆ ಒಂದೇ ನೆಟ್‌ವರ್ಕ್ ಮ್ಯಾನೇಜರ್: ಬೆಳಗಾವಿಯಿಂದ ಪ್ರಾಜೆಕ್ಟ್, ಸಲಹೆ ಬೇಕು

ಗೋಕಾಕ_ಹುಡುಗ
ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ ಓದುತ್ತಿದ್ದೇನೆ. ನಮ್ಮ ತಂಡ ಪ್ರಾಜೆಕ್ಟ್‌ಗೆ ಒಂದು ವಿಷಯ ಹಿಡಿದಿದೆ. ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಒಂದೇ ಕಾರ್ಯಾಚರಣೆಗೆ ಇಳಿದಾಗ ಅವರ ರೇಡಿಯೋಗಳನ್ನು ಒಟ್ಟಿಗೆ ಪ್ಲಾನ್ ಮಾಡಿ, ಸೆಟ್ ಮಾಡಿ, ನೋಡಿಕೊಳ್ಳುವ ಸಾಫ್ಟ್‌ವೇರ್ ಹೇಗಿರಬೇಕು ಎನ್ನುವುದು. ಅಮೆರಿಕದಲ್ಲಿ ಇಂಥದ್ದಕ್ಕೆ ಜಾಯಿಂಟ್ ಎಂಟರ್‌ಪ್ರೈಸ್ ನೆಟ್‌ವರ್ಕ್ ಮ್ಯಾನೇಜರ್ ಅಂತ ಒಂದಿದೆ, ಅದರ ಬಗ್ಗೆ ಓದಿದ್ದೇವೆ.

ನಮ್ಮ ಗೈಡ್ ಕೇಳಿದ್ದು: "ಮೂವರಿಗೂ ಒಂದೇ ರೇಡಿಯೋ ಕೊಡಿಸಿದರೆ ಮುಗೀತಲ್ಲ, ಇದರಲ್ಲಿ ಪ್ರಾಜೆಕ್ಟ್ ಏನಿದೆ?" ಉತ್ತರ ಹೊಳೆಯಲಿಲ್ಲ. ಇಲ್ಲಿ ಕ್ಯಾಂಪ್‌ನ ಭೂಸೇನೆ ಕಡೆಯವರು, ಸಾಂಬ್ರಾ ವಾಯುನೆಲೆ ಕಡೆಯವರು, ನಿವೃತ್ತರು ಬಹಳ ಜನ ಇದ್ದೀರಿ. ಗುಟ್ಟಿನದ್ದು ಯಾವುದೂ ಬೇಡ. ಎಲ್ಲರಿಗೂ ಗೊತ್ತಿರುವ ವಿಷಯದಲ್ಲೇ ತಿಳಿಸಿಕೊಡಿ.

ಕುಂದಾ_ಪ್ರಿಯ
ಜಾಂಬೋಟಿ ದಾಟಿದರೆ ನನ್ನ ಮೊಬೈಲ್‌ಗೇ ನೆಟ್‌ವರ್ಕ್ ಇರುವುದಿಲ್ಲ. ಮೊದಲು ಅದನ್ನು ಸರಿ ಮಾಡಪ್ಪಾ.

ನಿವೃತ್ತ_ಸಿಗ್ನಲ್
ತಮ್ಮಾ, ನಾನು ಸಿಗ್ನಲ್ಸ್‌ನಲ್ಲಿ, ಅಂದರೆ ಭೂಸೇನೆಯ ಸಂಪರ್ಕ ವಿಭಾಗದಲ್ಲಿ ಇದ್ದವನು. ಈಗ ಹಿಂಡಲಗಾ ಕಡೆ ಮನೆ. ನಿಮ್ಮ ಗೈಡ್ ಕೇಳಿದ್ದು ಸರಿಯಾದ ಪ್ರಶ್ನೆಯೇ. ದೊಡ್ಡ ದೊಡ್ಡವರೂ ಹಾಗೇ ಅಂದುಕೊಂಡು ದುಡ್ಡು ಸುರಿದಿದ್ದಾರೆ.

ಒಂದೇ ಮಾಡೆಲ್‌ನ ಹತ್ತು ಸೆಟ್ ಡಬ್ಬಿಯಿಂದ ತೆಗೆದು ಆನ್ ಮಾಡಿ. ಒಂದೂ ಇನ್ನೊಂದರ ಜತೆ ಮಾತಾಡುವುದಿಲ್ಲ. ಎಲ್ಲರಿಗೂ ಗೊತ್ತಿರುವ ಉದಾಹರಣೆ ಅಮೆರಿಕದ ಸಿಂಕ್‌ಗಾರ್ಸ್. ಅದು 30ರಿಂದ 88 ಮೆಗಾಹರ್ಟ್ಸ್ ಒಳಗೆ, 25 ಕಿಲೋಹರ್ಟ್ಸ್ ಅಂತರದಲ್ಲಿ, 2,320 ಚಾನೆಲ್ ಇರುವ ಸೆಟ್. ಹಾಪಿಂಗ್‌ಗೆ ಹಾಕಿದರೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಚಾನೆಲ್ ಬದಲಿಸುತ್ತದೆ. ಆ ಜಿಗಿತ ಎರಡು ಸೆಟ್‌ಗಳಲ್ಲಿ ಒಂದೇ ಆಗಬೇಕಾದರೆ ಯಾವ ಫ್ರೀಕ್ವೆನ್ಸಿಗಳ ಮೇಲೆ ಜಿಗಿಯಬೇಕು ಎನ್ನುವ ಪಟ್ಟಿ ಒಂದೇ ಇರಬೇಕು. ನೆಟ್, ಅಂದರೆ ಒಟ್ಟಿಗೆ ಮಾತಾಡುವ ಗುಂಪು, ಅದರ ನಂಬರ್ ಒಂದೇ ಇರಬೇಕು. ಕೀ, ಅಂದರೆ ಗುಟ್ಟಿನ ಸಂಕೇತ, ಒಂದೇ ಇರಬೇಕು. ಒಳಗಿನ ಗಡಿಯಾರಗಳೂ ಹೊಂದಬೇಕು. ಕೆಲವು ಸೆಕೆಂಡು ಆಚೀಚೆ ಆದರೆ ಸೆಟ್ ಎದುರೇ ಇದ್ದರೂ ಕಿವುಡು.

ಈ ನಾಲ್ಕನ್ನೂ ಯಾರು ತೀರ್ಮಾನಿಸುತ್ತಾರೆ, ಯಾರು ತುಂಬುತ್ತಾರೆ, ಬದಲಾದಾಗ ಎಲ್ಲರಿಗೂ ಹೇಗೆ ತಲುಪುತ್ತದೆ? ನಿಮ್ಮ ಪ್ರಾಜೆಕ್ಟ್ ಇರುವುದು ಅಲ್ಲಿ. ರೇಡಿಯೋ ಅಂಗಡಿಯಲ್ಲಿ ಸಿಗುತ್ತದೆ. ಪ್ಲಾನ್ ಸಿಗುವುದಿಲ್ಲ.

ಟಿಳಕವಾಡಿ_ಟೀಚರ್
ನನಗೆ ಒಂದು ಸಂಶಯ. 2016ರಲ್ಲೇ ಮೂರೂ ಸೇನೆಗೆ ಸೇರಿಸಿ ಡಿಫೆನ್ಸ್ ಕಮ್ಯುನಿಕೇಷನ್ ನೆಟ್‌ವರ್ಕ್ ಅಂತ ಶುರು ಮಾಡಿದರಲ್ವಾ? ಮನೋಹರ್ ಪರ್ರಿಕರ್ ಮಂತ್ರಿ ಆಗಿದ್ದಾಗ. ಹಾಗಾದರೆ ಕೆಲಸ ಆಗಿಹೋಗಿದೆ ಅಲ್ವಾ?

ನಿವೃತ್ತ_ಸಿಗ್ನಲ್
ಅದು ಬೇರೆ, ಮೇಡಂ. ಅದು ಹೆಡ್‌ಕ್ವಾರ್ಟರ್ಸ್‌ಗಳ ನಡುವಿನ ದೊಡ್ಡ ಜಾಲ. ಅಲ್ಲಿ ಕಟ್ಟಡ ಇದೆ, ಕರೆಂಟ್ ಇದೆ, ಎಸಿ ಇದೆ. ಹುಡುಗ ಕೇಳುತ್ತಿರುವುದು ಬೆನ್ನ ಮೇಲೆ ಸೆಟ್ ಹೊತ್ತು ನಡೆಯುವವನದು. ಟವರ್ ಇಲ್ಲ, ಬ್ಯಾಟರಿ ಖಾಲಿಯಾಗುತ್ತದೆ, ಗುಡ್ಡ ಅಡ್ಡ ಬರುತ್ತದೆ, ಎದುರಿನವನು ಜ್ಯಾಮ್ ಮಾಡುತ್ತಿರುತ್ತಾನೆ.

ಅಥಣಿ_ಅಕ್ಕ
ಸೇನೆ ವಿಷಯ ನನಗೆ ಗೊತ್ತಿಲ್ಲ. ಆದರೆ 2019ರ ಆಗಸ್ಟ್‌ನಲ್ಲಿ ಕೃಷ್ಣಾ ಉಕ್ಕಿದಾಗ ನಮ್ಮ ಊರಲ್ಲಿ ದೋಣಿಯವರ ಜತೆ ಓಡಾಡಿದ್ದೇನೆ. ಮಿಲಿಟರಿಯವರು ಬಂದಿದ್ದರು, ಎನ್‌ಡಿಆರ್‌ಎಫ್ ಬಂದಿತ್ತು, ಪೊಲೀಸರಿದ್ದರು, ಮೇಲೆ ಹೆಲಿಕಾಪ್ಟರ್. ಪ್ರತಿಯೊಬ್ಬರ ಕೈಯಲ್ಲೂ ವಾಕಿಟಾಕಿ. ಹೆಲಿಕಾಪ್ಟರ್ ನಮ್ಮ ತಲೆ ಮೇಲೇ ಸುತ್ತುತ್ತಿತ್ತು. ದೋಣಿಯಲ್ಲಿದ್ದವರು ಅದಕ್ಕೆ "ಆ ತೋಟದ ಮನೆ ಮೇಲೆ ಮುದುಕಿ ಇದ್ದಾಳೆ" ಅಂತ ಹೇಳಬೇಕಾದರೆ ಮೊಬೈಲ್‌ನಲ್ಲಿ ಯಾರಿಗೋ ಫೋನ್ ಮಾಡಬೇಕು, ಅವರು ಇನ್ಯಾರಿಗೋ ಹೇಳಬೇಕು. ಮೊಬೈಲ್ ಸಿಗ್ನಲ್ ಹೋದ ಮೇಲೆ ಸೀರೆ ಬೀಸಿದೆವು. ಇದು ಯಾಕೆ ಹೀಗೆ ಅಂತ ಇವತ್ತಿಗೂ ಯಾರೂ ನನಗೆ ಸರಿಯಾಗಿ ಹೇಳಿಲ್ಲ.

ಸಾಂಬ್ರಾ_ಕಾಕಾ
ಅಕ್ಕಾ, ಹೇಳುತ್ತೇನೆ ಕೇಳಿ. ನಾನು ವಾಯುಪಡೆಯಲ್ಲಿ ರೇಡಿಯೋ ಟೆಕ್ನಿಷಿಯನ್ ಆಗಿದ್ದವನು. ತರಬೇತಿ ಶುರುವಾದದ್ದು ಸಾಂಬ್ರಾದಲ್ಲೇ.

ವಿಮಾನ, ಹೆಲಿಕಾಪ್ಟರ್ ನಾಗರಿಕ ಮಾತುಕತೆಗೆ ಬಳಸುವುದು 118ರಿಂದ 137 ಮೆಗಾಹರ್ಟ್ಸ್, ಎಎಂ. ಪೊಲೀಸರ ವಿಎಚ್‌ಎಫ್ ಸೆಟ್ ಅದರ ಪಕ್ಕದಲ್ಲೇ, ಅದಕ್ಕಿಂತ ಸ್ವಲ್ಪ ಮೇಲೆ ಇರುತ್ತದೆ. ಆದರೆ ಎಫ್‌ಎಂ, ಅಂದರೆ ಮಾತನ್ನು ತರಂಗದ ಮೇಲೆ ಹೊರಿಸುವ ಬಗೆಯೇ ಬೇರೆ. ಮಿಲಿಟರಿ ವಿಮಾನಗಳು 225ರಿಂದ 400ರ ಯುಎಚ್‌ಎಫ್‌ನಲ್ಲೂ ಮಾತಾಡುತ್ತವೆ. ನೆಲದ ಮೇಲಿನ ಸೈನಿಕನ ಸೆಟ್ ಸಾಮಾನ್ಯವಾಗಿ 30–88, ಅದೂ ಎಫ್‌ಎಂ. ಮೂವರೂ ಒಂದೇ ಹೊಲದಲ್ಲಿ ನಿಂತರೂ ಒಬ್ಬರದ್ದು ಇನ್ನೊಬ್ಬರಿಗೆ ಕೇಳುವುದಿಲ್ಲ. ಯಾರ ತಪ್ಪೂ ಅಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸಕ್ಕೆ ಸರಿಹೊಂದುವುದನ್ನೇ ಆರಿಸಿಕೊಂಡಿದ್ದಾರೆ. ಅದಕ್ಕೇ ವಿಮಾನಕ್ಕೆ ಗುರಿ ತೋರಿಸಲು ನೆಲದ ಮೇಲೆ ಇರುವವನು ಎರಡೂ ಬಗೆಯ ಸೆಟ್ ಹೊತ್ತುಕೊಂಡು ಹೋಗಬೇಕಾಗುತ್ತಿತ್ತು.

ಬೆಂಗಳೂರಲ್ಲಿ_ಬಾಗಲಕೋಟೆ
ಕಾಕಾ ಹೇಳಿದ ಗೋಡೆಯನ್ನು ಒಡೆಯಲಿಕ್ಕೇ ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೋ ಬಂದದ್ದು. ಎಎಂ, ಎಫ್‌ಎಂ, ಹಾಪಿಂಗ್ ಎಲ್ಲ ಸಾಫ್ಟ್‌ವೇರ್‌ನಲ್ಲಿ. ಬೇಕಾದ ವೇವ್‌ಫಾರ್ಮ್, ಅಂದರೆ ಮಾತಾಡುವ ಬಗೆಯ ಸಾಫ್ಟ್‌ವೇರ್, ಲೋಡ್ ಮಾಡಿಕೊಂಡರೆ ಆಯಿತು. ನಾನು ಇದೇ ಕ್ಷೇತ್ರದಲ್ಲಿ ಸಾಫ್ಟ್‌ವೇರ್ ಬರೆಯುವವನು. ರಕ್ಷಣಾ ಕೆಲಸ ಅಲ್ಲ, ಟೆಲಿಕಾಂ.

ಅಮೆರಿಕದ ಕಥೆ ಓದಲೇಬೇಕು, ತಮ್ಮಾ. 1983ರ ಅಕ್ಟೋಬರ್‌ನಲ್ಲಿ ಗ್ರೆನಡಾ ದ್ವೀಪದ ಮೇಲೆ ಇಳಿದಾಗ ಅವರ ಭೂಸೇನೆ ಮತ್ತು ನೌಕಾಪಡೆಯ ರೇಡಿಯೋಗಳು ಒಂದಕ್ಕೊಂದು ಹೊಂದಲಿಲ್ಲ. ನೆಲದಲ್ಲಿದ್ದವರಿಗೆ ಎದುರಿಗೇ ಇದ್ದ ಹಡಗಿಗೆ "ಇಲ್ಲಿ ಫೈರ್ ಮಾಡಿ" ಅಂತ ಹೇಳುವುದು ಕಷ್ಟವಾಯಿತು. ಮೂರು ವರ್ಷದ ಮೇಲೆ, 1986ರಲ್ಲಿ, ಸೇನೆಗಳು ಜಂಟಿಯಾಗಿ ಕೆಲಸ ಮಾಡಲಿ ಅಂತ ಗೋಲ್ಡ್‌ವಾಟರ್–ನಿಕಲ್ಸ್ ಕಾಯ್ದೆ ಬಂತು. ಕಾರಣ ಅದೊಂದೇ ಅಲ್ಲ, ಅದೂ ಒಂದು. 1997ರಲ್ಲಿ ಜಾಯಿಂಟ್ ಟ್ಯಾಕ್ಟಿಕಲ್ ರೇಡಿಯೋ ಸಿಸ್ಟಮ್, ಅಂದರೆ ಜೆಟಿಆರ್‌ಎಸ್, ಶುರು. ಹತ್ತಾರು ಬಗೆಯ ಹಳೇ ರೇಡಿಯೋಗಳನ್ನು ತೆಗೆದು ಒಂದೇ ಸಾಫ್ಟ್‌ವೇರ್ ರೇಡಿಯೋ ಕುಟುಂಬ ತರುವ ಆಸೆ. ಬಿಲಿಯನ್‌ಗಟ್ಟಲೆ ಡಾಲರ್ ಹೋಯಿತು. ವಾಹನಗಳಿಗೆ ಅಂತ ಮಾಡುತ್ತಿದ್ದ ಸೆಟ್ 2011ರಲ್ಲಿ ರದ್ದಾಯಿತು. 2012ರಲ್ಲಿ ಆ ಆಫೀಸೇ ಮುಚ್ಚಿ ಜಾಯಿಂಟ್ ಟ್ಯಾಕ್ಟಿಕಲ್ ನೆಟ್‌ವರ್ಕಿಂಗ್ ಸೆಂಟರ್ ಆಯಿತು. ಹೆಸರಲ್ಲಿ "ರೇಡಿಯೋ" ಹೋಗಿ "ನೆಟ್‌ವರ್ಕಿಂಗ್" ಬಂತು ನೋಡಿ. ಉಳಿದದ್ದು ವೇವ್‌ಫಾರ್ಮ್‌ಗಳು, ಅವುಗಳ ಸಾಫ್ಟ್‌ವೇರ್ ಚೌಕಟ್ಟು, ಮತ್ತು ನೀವು ಹೇಳಿದ ಆ ನೆಟ್‌ವರ್ಕ್ ಮ್ಯಾನೇಜರ್.

ಆ ಮ್ಯಾನೇಜರ್ ಮಾಡುವ ಕೆಲಸ ಹೇಳಲಿಕ್ಕೆ ಸುಲಭ. ಯಾರು ಯಾವ ನೆಟ್‌ನಲ್ಲಿ, ಯಾವ ಫ್ರೀಕ್ವೆನ್ಸಿ, ಯಾವ ಐಪಿ ವಿಳಾಸ ಎಂದು ಪ್ಲಾನ್ ಬರೆಯುವುದು, ಅದನ್ನು ಸೆಟ್‌ಗೆ ತುಂಬುವುದು, ಆಮೇಲೆ ಯಾವುದು ಜೀವಂತ ಇದೆ ಅಂತ ನೋಡುವುದು. ಸೈನಿಕನ ಕೈಸೆಟ್, ವಾಹನದ ಸೆಟ್, ಉಪಗ್ರಹಕ್ಕೆ ಮಾತಾಡುವ ಸೆಟ್, ಮೂರರ ವೇವ್‌ಫಾರ್ಮ್‌ಗೂ ಒಂದೇ ಸಾಧನ. ಉಪಗ್ರಹದ ಮಾತು ಬಂತಲ್ಲ, ಮುವೋಸ್ ಅಂತ ಐದು ಉಪಗ್ರಹ 2012ರಿಂದ 2016ರ ಒಳಗೆ ಹಾರಿಸಿದರು. ಅದರ ಹೊಸ ಸೌಲಭ್ಯ ಬಳಸುವ ರೇಡಿಯೋ ಸಾಕಷ್ಟು ಸಂಖ್ಯೆಯಲ್ಲಿ ಬರಲು ವರ್ಷಗಟ್ಟಲೆ ತಡ. ಮೇಲೆ ಉಪಗ್ರಹ ಸುತ್ತುತ್ತಿದೆ, ಕೆಳಗೆ ಸೆಟ್ ಇಲ್ಲ!

ಕುಂದಾ_ಪ್ರಿಯ
ಲಗ್ನಕ್ಕೆ ಬ್ಯಾಂಡ್ ಬಾಜಾ ಬಂತು, ಮದುಮಗ ಬಂದಿಲ್ಲ ಅಂದ ಹಾಗಾಯಿತು.

ವಿಜಯಪುರ_ನೇವಿ
ಸಮುದ್ರವೇ ಇಲ್ಲದ ಜಿಲ್ಲೆಯಿಂದ ನೇವಿಗೆ ಹೋಗಿ ಬಂದವನು ನಾನು. ಗ್ರೆನಡಾ ತನಕ ಯಾಕೆ ಹೋಗಬೇಕು? 1971ರ ಬಾಂಗ್ಲಾ ಯುದ್ಧ, ಡಿಸೆಂಬರ್ 10, ಖುಲ್ನಾ ಹತ್ತಿರ. ಮುಕ್ತಿ ಬಾಹಿನಿಯ ಪದ್ಮಾ, ಪಲಾಶ್ ಎಂಬ ಗನ್‌ಬೋಟ್‌ಗಳು, ಜತೆಗೆ ನಮ್ಮ ಐಎನ್‌ಎಸ್ ಪನ್ವೇಲ್. ನಮ್ಮ ವಿಮಾನಗಳಿಗೆ ಗುರುತು ಸಿಗಲಿ ಅಂತ ಮೇಲೆ ಹಳದಿ ಬಣ್ಣ ಹಚ್ಚಿದ್ದರು. ಆದರೂ ನಮ್ಮದೇ ವಿಮಾನಗಳು ದಾಳಿ ಮಾಡಿದವು. ಪದ್ಮಾ, ಪಲಾಶ್ ಎರಡೂ ನಾಶವಾದವು. ಪಲಾಶ್‌ನಲ್ಲಿದ್ದ ರುಹುಲ್ ಅಮೀನ್ ಅವರಿಗೆ ಆಮೇಲೆ ಬಾಂಗ್ಲಾದೇಶ ತನ್ನ ಅತಿ ದೊಡ್ಡ ಶೌರ್ಯ ಪದಕ ಕೊಟ್ಟಿತು. ಗುರುತು ಪೂರ್ತಿ ಬಣ್ಣದ ಮೇಲೆ ನಿಂತರೆ ಹೀಗಾಗುತ್ತದೆ.

ಈಗ ನೇವಿಗೆ ಬಿಇಎಲ್‌ನಿಂದ ಎಸ್‌ಡಿಆರ್-ಟ್ಯಾಕ್ ಎಂಬ ಸಾಫ್ಟ್‌ವೇರ್ ರೇಡಿಯೋ ಬರುತ್ತಿದೆ. 2021ರ ಫೆಬ್ರವರಿಯಲ್ಲಿ ಸಾವಿರ ಕೋಟಿಗೂ ಹೆಚ್ಚಿನ ಕರಾರು ಆಯಿತು. ಒಂದೇ ರ‍್ಯಾಕ್‌ನಲ್ಲಿ ನಾಲ್ಕು ಚಾನೆಲ್, ನಾಲ್ಕೂ ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು ವಿಮಾನದ ಕಡೆ, ಇನ್ನೊಂದು ಹಡಗಿನ ಕಡೆ ಅಂತ ಹಂಚಬಹುದು.

ಗೋಕಾಕ_ಹುಡುಗ
ಎಲ್ಲರಿಗೂ ಬಹಳ ಧನ್ಯವಾದ. ಹಾಗಾದರೆ ನಾವು ಹೀಗೆ ಮಾಡಬಹುದಾ: ಒಂದೇ ಸರ್ವರ್, ಒಂದೇ ಸಾಫ್ಟ್‌ವೇರ್, ಮೂರೂ ಸೇನೆಯವರು ಅದರೊಳಗೆ ಲಾಗಿನ್ ಆಗಿ ಪ್ಲಾನ್ ಮಾಡುತ್ತಾರೆ. ಒಬ್ಬ ಅಡ್ಮಿನ್ ಎಲ್ಲ ನೋಡಿ ಓಕೆ ಮಾಡುತ್ತಾನೆ. ಸರಿ ಅಲ್ವಾ?

ಸಾಂಬ್ರಾ_ಕಾಕಾ
ಕೇಳಲಿಕ್ಕೆ ಚಂದ. ನಡೆಯುವುದಿಲ್ಲ.

ಮೂವರಿಗೂ ಪ್ಲಾನ್ ಮಾಡುವ ವೇಗ ಬೇರೆ ಬೇರೆ. ವಾಯುಪಡೆಯಲ್ಲಿ ನಾಳೆ ಯಾರು ಎಷ್ಟು ಹೊತ್ತಿಗೆ ಹಾರಬೇಕು ಅಂತ ಮೊದಲೇ ಬರೆದಿಟ್ಟಿರುತ್ತಾರೆ. ನ್ಯಾಟೋದವರ ಲಿಂಕ್ 16 ಎಂಬ ಡೇಟಾ ಜಾಲ ತೆಗೆದುಕೊಳ್ಳಿ. ಸೆಕೆಂಡಿಗೆ 128 ಟೈಮ್ ಸ್ಲಾಟ್, ಅಂದರೆ ಮಾತಾಡುವ ಸರದಿ. ಯಾವ ವಿಮಾನಕ್ಕೆ ಯಾವ ಸ್ಲಾಟ್ ಅಂತ ಹಾರುವ ಮುಂಚೆಯೇ ಹಂಚಬೇಕು. ಇಬ್ಬರಿಗೆ ಗೊತ್ತಿಲ್ಲದೆ ಒಂದೇ ಸ್ಲಾಟ್ ಕೊಟ್ಟರೆ ಇಬ್ಬರ ಮಾತೂ ಕೆಡುತ್ತದೆ. ಅದಲ್ಲದೆ ಅದು ನಡೆಯುವುದು 960ರಿಂದ 1215 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ನಾಗರಿಕ ವಿಮಾನಗಳಿಗೆ ದೂರ ತೋರಿಸುವ ಉಪಕರಣಗಳೂ ಇವೆ. ಅವರಿಗೆ ತೊಂದರೆ ಆಗದಂತೆ ಲೆಕ್ಕ ಹಾಕಿ ಹಂಚಬೇಕು. ಹೀಗಾಗಿ ಇದು ಪೂರ್ತಿ ಮೊದಲೇ ಕೂತು ಮಾಡುವ ಕೆಲಸ. ಭೂಸೇನೆಯಲ್ಲಿ ಬೆಳಿಗ್ಗೆ ಇದ್ದ ಕಂಪನಿ ಮಧ್ಯಾಹ್ನ ಇನ್ನೊಂದು ಬೆಟಾಲಿಯನ್ ಕೆಳಗೆ ಹೋಗುತ್ತದೆ. ನೆಟ್ ಆಗಲೇ ಬದಲಾಗಬೇಕು.

ವಿಜಯಪುರ_ನೇವಿ
ಹಡಗಿನದ್ದು ಇನ್ನೂ ಬೇರೆ. ಬಂದರು ಬಿಟ್ಟ ಮೇಲೆ ಪೆನ್‌ಡ್ರೈವ್ ತಂದುಕೊಡುವವರು ಯಾರು? ಮುಂದೆ ಬೇಕಾಗುವ ಕೀಗಳನ್ನೆಲ್ಲ ಮೊದಲೇ ತುಂಬಿಕೊಂಡು ಹೋಗಬೇಕು. ರೇಡಿಯೋ ಸೈಲೆನ್ಸ್, ಅಂದರೆ ಏನನ್ನೂ ಪ್ರಸಾರ ಮಾಡಬಾರದು ಎನ್ನುವ ಆದೇಶ ಇದ್ದರೆ ನಿಮ್ಮ ಸರ್ವರ್‌ಗೆ ಲಾಗಿನ್ ಆಗುವ ಮಾತೇ ಇಲ್ಲ.

ಬೆಂಗಳೂರಲ್ಲಿ_ಬಾಗಲಕೋಟೆ
ಅದಕ್ಕೇ ನನ್ನ ಅಭಿಪ್ರಾಯ: ಸಾಫ್ಟ್‌ವೇರ್ ಒಂದೇ ಇರಬೇಕಾಗಿಲ್ಲ, ಫೈಲ್ ಒಂದೇ ಇರಬೇಕು. ಪ್ಲಾನ್ ಹೇಗೆ ಬರೆಯಬೇಕು ಎನ್ನುವ ನಮೂನೆ ಒಂದೇ. ಪ್ರತಿ ಸೇನೆ ತನ್ನ ಸಾಧನದಲ್ಲಿ ತನ್ನ ಪಾಲು ಬರೆಯಲಿ. ಕೂಡುವ ಜಾಗ, ಅಂದರೆ ಇಬ್ಬರು ಮೂವರು ಸೇರುವ ನೆಟ್‌ಗಳು ಮಾತ್ರ ಜಂಟಿ ಸೆಲ್‌ನಲ್ಲಿ ತೀರ್ಮಾನ ಆಗಲಿ. ನಮ್ಮ ದೇಶದಲ್ಲೂ ಇದೇ ದಾರಿ ಕಾಣುತ್ತಿದೆ. 2025ರ ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ಭೂಸೇನೆಯ ಆಕಾಶ್‌ತೀರ್ ಮತ್ತು ವಾಯುಪಡೆಯ ಐಎಸಿಸಿಎಸ್ ಎಂಬ ವಾಯುರಕ್ಷಣಾ ನಿಯಂತ್ರಣ ವ್ಯವಸ್ಥೆಗಳು ಜೋಡಿಯಾಗಿ ಕೆಲಸ ಮಾಡಿದವು. ಒಂದನ್ನು ಕಿತ್ತುಹಾಕಿ ಇನ್ನೊಂದನ್ನು ಎಲ್ಲರಿಗೂ ಕೊಟ್ಟಿರಲಿಲ್ಲ. ಎರಡನ್ನೂ ಬೆಸೆದಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಡಿಆರ್‌ಡಿಒ, ಇಂಟಿಗ್ರೇಟೆಡ್ ಡಿಫೆನ್ಸ್ ಸ್ಟಾಫ್ ಎಂಬ ಜಂಟಿ ಕಚೇರಿ ಮತ್ತು ಮೂರೂ ಸೇನೆ ಸೇರಿ ಇಂಡಿಯನ್ ರೇಡಿಯೋ ಸಾಫ್ಟ್‌ವೇರ್ ಆರ್ಕಿಟೆಕ್ಚರ್ 1.0 ಹೊರತಂದರು. ಒಂದು ಕಂಪನಿಯ ಸೆಟ್‌ಗೆ ಬರೆದ ವೇವ್‌ಫಾರ್ಮ್ ಇನ್ನೊಂದು ಕಂಪನಿಯ ಸೆಟ್‌ನಲ್ಲೂ ಓಡಬೇಕು ಎನ್ನುವುದು ಅದರ ಗುರಿ. ಇದು ಸೆಟ್‌ನ ಒಳಗಿನ ಮಾತು. ಅದರ ಮೇಲೆ ಪ್ಲಾನ್‌ಗೂ ಒಂದು ನಮೂನೆ ಬೇಕು.

ನಿವೃತ್ತ_ಸಿಗ್ನಲ್
ಇಂಜಿನಿಯರ್ ಸಾಹೇಬರ ಮಾತು ಅರ್ಧ ಒಪ್ಪುತ್ತೇನೆ. ಫೈಲ್ ಒಂದೇ ಆದರೆ ಸಾಲದು. ಕೊನೆಗೆ ಸಹಿ ಯಾರದು? ಎರಡು ಸೇನೆಗಳಿಗೆ ಒಂದೇ ಫ್ರೀಕ್ವೆನ್ಸಿ ಬೇಕು ಅಂದಾಗ "ನಿನಗಿಲ್ಲ, ಅವನಿಗೆ" ಅಂತ ಹೇಳುವವನು ಒಬ್ಬ ಇರಬೇಕು. ಅವನಿಗೆ ಇಬ್ಬರ ಮೇಲೂ ಅಧಿಕಾರ ಇರಬೇಕು. ಕಾರ್ಗಿಲ್ ಆದ ಮೇಲೆ 2001ರಲ್ಲಿ ಇಂಟಿಗ್ರೇಟೆಡ್ ಡಿಫೆನ್ಸ್ ಸ್ಟಾಫ್ ಬಂತು. ಅದೇ ವರ್ಷ ಅಂಡಮಾನ್‌ನಲ್ಲಿ ಮೊದಲ ಮೂರು ಸೇನೆಗಳ ಕಮಾಂಡ್. 2020ರ ಜನವರಿಯಲ್ಲಿ ಜನರಲ್ ಬಿಪಿನ್ ರಾವತ್ ಮೊದಲ ಸಿಡಿಎಸ್, ಅಂದರೆ ರಕ್ಷಣಾ ಪಡೆಗಳ ಮುಖ್ಯಸ್ಥ ಆಗಿ ಕೂತರು. ಬೇರೆ ಸೇನೆಯ ಸಿಬ್ಬಂದಿ ಮೇಲೂ ಜಂಟಿ ಸಂಸ್ಥೆಯ ಕಮಾಂಡರ್‌ಗೆ ಶಿಸ್ತಿನ ಅಧಿಕಾರ ಕೊಡುವ ಕಾಯ್ದೆ ಬಂದದ್ದು 2023ರಲ್ಲಿ. ಇಷ್ಟು ವರ್ಷ ಹಿಡಿದದ್ದು ರೇಡಿಯೋ ಇಲ್ಲ ಅಂತ ಅಲ್ಲ.

ನಿಮ್ಮ ಸಾಫ್ಟ್‌ವೇರ್‌ನಲ್ಲಿ "ಅಡ್ಮಿನ್" ಅಂತ ಒಂದು ಬಟನ್ ಇಟ್ಟು ಈ ಪ್ರಶ್ನೆಯನ್ನು ಮುಚ್ಚಬೇಡಿ. ಜಗಳ ಬಂದಾಗ ಏನಾಗುತ್ತದೆ ಅಂತ ತೋರಿಸಿ. ಯಾರು ಕೇಳಿದ್ದು, ಯಾರಿಗೆ ಹೋಯಿತು, ಯಾವ ಕಾರಣಕ್ಕೆ, ಎಲ್ಲ ದಾಖಲೆಯಾಗಲಿ.

ಬೆಂಗಳೂರಲ್ಲಿ_ಬಾಗಲಕೋಟೆ
ಸರ್, ನೀವು ಹೇಳುವ ಹಾಗೆ ಎಲ್ಲವೂ ಒಬ್ಬರ ಸಹಿಗೆ ಕಾದರೆ ಮಧ್ಯಾಹ್ನದ ಕಂಪನಿ ಸಂಜೆಯವರೆಗೂ ಮೂಕ. ಜಗಳ ಇಲ್ಲದ ಬದಲಾವಣೆಗೆ ಸಹಿ ಯಾಕೆ ಬೇಕು? ಮೊದಲೇ ಪ್ರತಿ ಸೇನೆಗೆ ಒಂದಿಷ್ಟು ಫ್ರೀಕ್ವೆನ್ಸಿ ಕೊಟ್ಟುಬಿಡಿ. ಅದರೊಳಗೆ ಅವರು ಏನಾದರೂ ಮಾಡಿಕೊಳ್ಳಲಿ.

ನಿವೃತ್ತ_ಸಿಗ್ನಲ್
ಗುಡ್ಡದ ಆಚೆ ಇನ್ನೊಂದು ಸೇನೆಯ ಜ್ಯಾಮರ್ ಇದ್ದರೆ? ಅವನು ಶತ್ರುವಿಗೆ ಅಂತ ಆನ್ ಮಾಡುತ್ತಾನೆ, ನಿಮ್ಮ "ಸ್ವಂತ" ಫ್ರೀಕ್ವೆನ್ಸಿ ಮುಚ್ಚಿಹೋಗುತ್ತದೆ. ಜಗಳ ಇದೆ ಅಂತ ಯಾರಿಗೂ ಗೊತ್ತೇ ಆಗಲಿಲ್ಲ. ಒಟ್ಟಿಗೆ ನೋಡುವ ಕಣ್ಣು ಒಂದು ಬೇಕೇ ಬೇಕು.

ಬೆಂಗಳೂರಲ್ಲಿ_ಬಾಗಲಕೋಟೆ
ನೋಡುವ ಕಣ್ಣು ಸರಿ. ತಡೆಯುವ ಕೈ ಬೇಡ ಅಂತ ನನ್ನ ವಾದ. ಇದರಲ್ಲಿ ನಾವಿಬ್ಬರೂ ಒಪ್ಪುವುದಿಲ್ಲ, ಬಿಡಿ ಸರ್. ಹುಡುಗನೇ ಆರಿಸಲಿ.

ಸಾಂಬ್ರಾ_ಕಾಕಾ
ನಿಮ್ಮಿಬ್ಬರ ನಡುವೆ ಒಂದು ಮಾತು. ಫೈಲ್ ಬದಲಾಯಿತು ಅಂದುಕೊಳ್ಳಿ, ಬೆಳಿಗ್ಗೆ ಆರಕ್ಕೆ ಎಲ್ಲರೂ ಹೊಸ ಪ್ಲಾನ್‌ಗೆ ಹೋಗಬೇಕು. ಒಂದು ತುಕಡಿ ಕಣಿವೆಯಲ್ಲಿತ್ತು, ಅವರಿಗೆ ಸುದ್ದಿ ತಲುಪಲಿಲ್ಲ. ಆರು ಗಂಟೆ ಒಂದು ನಿಮಿಷಕ್ಕೆ ಅವರು ಒಬ್ಬಂಟಿ. ಇದಕ್ಕೆ ನಿಮ್ಮ ಸಾಫ್ಟ್‌ವೇರ್ ಏನು ಮಾಡುತ್ತದೆ? ಸಿಂಕ್‌ಗಾರ್ಸ್‌ನಲ್ಲಿ ಕ್ಯೂ ಫ್ರೀಕ್ವೆನ್ಸಿ ಅಂತ ಇದೆ. ಹಾಪಿಂಗ್ ನೆಟ್‌ನ ಹೊರಗೆ ಉಳಿದವನು ಆ ಒಂದು ಚಾನೆಲ್‌ನಲ್ಲಿ ಕರೆದರೆ ಒಳಗಿನವನಿಗೆ "ಯಾರೋ ಕರೆಯುತ್ತಿದ್ದಾರೆ" ಅಂತ ಸೂಚನೆ ಬರುತ್ತದೆ. ಜಂಟಿ ಪ್ಲಾನ್‌ನಲ್ಲಿ ಇಂಥ ಬಾಗಿಲು ಮೂರೂ ಸೇನೆಗೆ ಒಂದೇ ಇರಬೇಕು. ಎಷ್ಟು ಸಲ ಪ್ಲಾನ್ ಬದಲಾದರೂ ಅದು ಬದಲಾಗಬಾರದು.

ಅಥಣಿ_ಅಕ್ಕ
ಅಷ್ಟೇ ಬೇಕಾಗಿತ್ತು ನಮಗೆ ಅವತ್ತು. ಒಂದು ಬಾಗಿಲು.

ಗೋಕಾಕ_ಹುಡುಗ
ಮಾನಿಟರಿಂಗ್ ಬಗ್ಗೆ ಒಂದು ಪ್ರಶ್ನೆ. ಪ್ರತಿ ಸೆಟ್ ಹತ್ತು ಸೆಕೆಂಡಿಗೊಮ್ಮೆ ತನ್ನ ಬ್ಯಾಟರಿ, ಜಾಗ, ಸಿಗ್ನಲ್ ಮಟ್ಟ ಕಳಿಸುವಂತೆ ಮಾಡಿ ಮ್ಯಾಪ್ ಮೇಲೆ ಹಸಿರು ಚುಕ್ಕೆ ತೋರಿಸೋಣ ಅಂತಿದ್ದೇವೆ. ಡೆಮೋಗೆ ಚೆನ್ನಾಗಿ ಕಾಣುತ್ತದೆ.

ನಿವೃತ್ತ_ಸಿಗ್ನಲ್
ಡೆಮೋಗೆ ಚೆನ್ನ, ಯುದ್ಧಕ್ಕೆ ಅಲ್ಲ. ಸೆಟ್ ಬಾಯಿ ಬಿಟ್ಟರೆ ಸಾಕು, ದಿಕ್ಕು ಹಿಡಿಯುವ ಯಂತ್ರ ಅದು ಎಲ್ಲಿದೆ ಅಂತ ಹೇಳುತ್ತದೆ. ಹತ್ತು ಸೆಕೆಂಡಿಗೊಮ್ಮೆ ಬಾಯಿ ಬಿಟ್ಟರೆ ಎರಡು ಮೂರು ಕಡೆಯಿಂದ ಅಳೆದು ಗುರಿ ಇಡಲು ಬೇಕಾದಷ್ಟಾಯಿತು. ಬ್ಯಾಟರಿಯೂ ಖಾಲಿ, ಇರುವ ಸ್ವಲ್ಪ ಬ್ಯಾಂಡ್‌ವಿಡ್ತ್ ಕೂಡ ಖಾಲಿ. ಮಾತಾಡುವಾಗ ಜತೆಗೆ ಎರಡು ಬೈಟ್ ಸ್ಥಿತಿ ಸೇರಿಸಿ ಕಳಿಸಿ. ಮಾತಾಡದೆ ಇದ್ದರೆ ಸುಮ್ನೆ ಇರಲಿ. ಮ್ಯಾಪ್ ಮೇಲೆ ಅದು ಬೂದು ಬಣ್ಣದಲ್ಲಿ ಇರಲಿ. ಕೆಂಪು ಬೇಡ, ಸುಮ್ಮನಿರುವುದು ಸತ್ತಂತೆ ಅಲ್ಲ.

ಇನ್ನೊಂದು. ಕೀ ಅನ್ನು ಪ್ಲಾನ್ ಫೈಲ್ ಒಳಗೆ ಎಂದೂ ಇಡಬೇಡಿ. ಫೈಲ್‌ನಲ್ಲಿ ಕೀ ಹೆಸರು ಮಾತ್ರ. ಕೀ ಬೇರೆ ಕೈಯಿಂದ, ಬೇರೆ ಪೆಟ್ಟಿಗೆಯಲ್ಲಿ ಬರಬೇಕು. ಒಂದು ಸೆಟ್ ಕಳೆದರೆ ಯಾವ ಯಾವ ನೆಟ್‌ನ ಕೀ ಬದಲಿಸಬೇಕು ಅಂತ ಸಾಫ್ಟ್‌ವೇರ್ ತಕ್ಷಣ ಹೇಳಬೇಕು. ಮೂರೂ ಸೇನೆಯ ಎಲ್ಲ ನೆಟ್ ಇರುವ ಫೈಲ್ ಒಂದೇ ಲ್ಯಾಪ್‌ಟಾಪ್‌ನಲ್ಲಿ ಇದ್ದು ಅದು ಕಳೆದರೆ? ಅದಕ್ಕೇ ಪ್ರತಿಯೊಬ್ಬರಿಗೂ ಅವರ ಪಾಲು ಮಾತ್ರ ಕತ್ತರಿಸಿ ಕೊಡುವ ಸೌಲಭ್ಯ ಇರಲಿ.

ಟಿಳಕವಾಡಿ_ಟೀಚರ್
ನಾನು ಪಾಠ ಮಾಡುವವಳು, ಹಾಗಾಗಿ ಕೇಳುತ್ತೇನೆ. ಇದನ್ನೆಲ್ಲ ಕಾಲೇಜ್ ಹುಡುಗರು ಯಾವ ರೇಡಿಯೋ ಮೇಲೆ ಮಾಡಿ ತೋರಿಸುತ್ತಾರೆ? ಸಿಕ್ಕ ಸಿಕ್ಕ ವಾಕಿಟಾಕಿ ತಂದು ಲೈಸೆನ್ಸ್ ಇಲ್ಲದೆ ಕ್ಯಾಂಟೋನ್ಮೆಂಟ್ ಪಕ್ಕ ಆನ್ ಮಾಡಿದರೆ ಪ್ರಾಜೆಕ್ಟ್ ಠಾಣೆಯಲ್ಲಿ ಮುಗಿಯುತ್ತದೆ.

ಬೆಂಗಳೂರಲ್ಲಿ_ಬಾಗಲಕೋಟೆ
ಸರಿಯಾಗಿ ಹೇಳಿದಿರಿ ಮೇಡಂ. ಲೋರಾ ಎಂಬ ಚಿಕ್ಕ ರೇಡಿಯೋ ಮಾಡ್ಯೂಲ್ ಬಳಸಲಿ. ನಮ್ಮಲ್ಲಿ 865–867 ಮೆಗಾಹರ್ಟ್ಸ್ ಬ್ಯಾಂಡ್‌ಗೆ ಕಡಿಮೆ ಪವರ್‌ನಲ್ಲಿ ಲೈಸೆನ್ಸ್ ಬೇಕಿಲ್ಲ. ಇನ್ನೊಂದು ಅನುಕೂಲವೂ ಇದೆ. ಲೋರಾದಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರ್, ಅಂದರೆ ಸಿಗ್ನಲ್ ಎಷ್ಟು ಹಿಗ್ಗಿಸಬೇಕು ಎನ್ನುವ ಸಂಖ್ಯೆ, ಬೇರೆ ಇದ್ದರೆ ಒಂದೇ ಫ್ರೀಕ್ವೆನ್ಸಿಯಲ್ಲೂ ಒಬ್ಬರದ್ದು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. "ವಾಯುಪಡೆ"ಗೆ 7 ಕೊಡಿ, "ಭೂಸೇನೆ"ಗೆ 9, "ನೌಕಾಪಡೆ"ಗೆ 12. 125 ಕಿಲೋಹರ್ಟ್ಸ್ ಅಗಲದಲ್ಲಿ 7ಕ್ಕೆ ಸೆಕೆಂಡಿಗೆ ಸುಮಾರು 5.5 ಕಿಲೋಬಿಟ್ ಸಿಗುತ್ತದೆ, 12ಕ್ಕೆ 300 ಬಿಟ್‌ಗೂ ಕಡಿಮೆ, ಆದರೆ ದೂರ ಹೋಗುತ್ತದೆ. ಮೂರು ಸೇನೆಗಳ ಬೇರೆ ಬೇರೆ ವೇಗ, ಬೇರೆ ಬೇರೆ ದೂರ, ಅಗ್ಗದ ಬೋರ್ಡ್ ಮೇಲೇ ಬಂತು. ಎರಡು ಮಾಡ್ಯೂಲ್ ಒಟ್ಟಿಗೆ ಕಟ್ಟಿದರೆ ಎರಡು ಜಾಲ ಬೆಸೆಯುವ ಗೇಟ್‌ವೇ. ಈಗ ಅದರ ಮೇಲೆ ಪ್ಲಾನ್ ಬರೆದು, ತುಂಬಿ, ಬದಲಿಸಿ ತೋರಿಸಿ.

ಸಾಂಬ್ರಾ_ಕಾಕಾ
ಗೇಟ್‌ವೇ ಇಡಲು ಯಳ್ಳೂರು ಕೋಟೆ ಗುಡ್ಡ ಒಳ್ಳೆಯದು. ಬಯಲಿನಲ್ಲಿ ಎರಡು ಮೀಟರ್ ಎತ್ತರದ ಎರಡು ಆಂಟೆನಾ ಹತ್ತು ಹನ್ನೆರಡು ಕಿಲೋಮೀಟರ್‌ಗಿಂತ ಆಚೆ ಒಂದನ್ನೊಂದು "ನೋಡುವುದಿಲ್ಲ", ಭೂಮಿಯೇ ಅಡ್ಡ. ಗುಡ್ಡದ ಮೇಲಿಂದ ಲೆಕ್ಕವೇ ಬೇರೆ. ಆಮೇಲೆ ಖಾನಾಪುರ ಕಾಡಿನ ಕಡೆ ಒಂದು ನೋಡ್, ಅಂದರೆ ಜಾಲದ ಒಂದು ಸೆಟ್, ಒಯ್ದು ಬೇಕೆಂದೇ ಸಂಪರ್ಕ ತಪ್ಪಿಸಿ, ಪ್ಲಾನ್ ಬದಲಿಸಿ, ಮತ್ತೆ ಅದು ಹೇಗೆ ಸೇರಿಕೊಳ್ಳುತ್ತದೆ ನೋಡಿ. ನಿಮ್ಮ ಪರೀಕ್ಷೆ ಅದೇ.

ಟಿಳಕವಾಡಿ_ಟೀಚರ್
ಅಳತೆ ಕೂಡ ಅದೇ ಆಗಲಿ: ಪ್ಲಾನ್ ಬದಲಿಸಿದ ಮೇಲೆ ಕೊನೆಯ ನೋಡ್ ಸೇರಲು ಎಷ್ಟು ಹೊತ್ತು ಹಿಡಿಯಿತು. ಚುಕ್ಕೆಯ ಬಣ್ಣಕ್ಕೆ ಯಾರೂ ಅಂಕ ಕೊಡುವುದಿಲ್ಲ.

ಗೋಕಾಕ_ಹುಡುಗ
ಗೈಡ್‌ಗೆ ತೋರಿಸಿದೆ, ಒಪ್ಪಿದರು. ಒಬ್ಬರ ಸಹಿಯೋ, ಮೊದಲೇ ಹಂಚುವುದೋ ಅಂತ ನಾವೂ ಜಗಳ ಆಡಿದೆವು. ಕೊನೆಗೆ ಎರಡನ್ನೂ ಮಾಡಿ ಹೋಲಿಸುವುದು ಅಂತ ಆಯಿತು. ಫೈಲ್‌ನ ಮೊದಲ ಕರಡು: ನೆಟ್ ಹೆಸರು, ಒಡೆಯ ಸೇನೆ, ಸದಸ್ಯರು, ಫ್ರೀಕ್ವೆನ್ಸಿ, ಸ್ಪ್ರೆಡಿಂಗ್ ಫ್ಯಾಕ್ಟರ್, ಕೀ ಹೆಸರು, ಶುರುವಾಗುವ ಸಮಯ, ಬದಲಾಗದ ಕರೆ ಚಾನೆಲ್, ಒಪ್ಪಿದವರು.

ನಿವೃತ್ತ_ಸಿಗ್ನಲ್
ಮುಗಿಯುವ ಸಮಯ ಎಲ್ಲಿ? ಹಳೇ ಪ್ಲಾನ್ ಯಾವಾಗ ರದ್ದು ಅಂತ ಬರೆಯದಿದ್ದರೆ ಯಾರೋ ಒಬ್ಬ ಅದರಲ್ಲೇ ಕೂತಿರುತ್ತಾನೆ. ಸಮಯ ಯುಟಿಸಿ ಎಂಬ ವಿಶ್ವ ಸಮಯವೋ ನಮ್ಮದೋ ಅಂತಲೂ ಬರೆಯಿರಿ. ಐದೂವರೆ ಗಂಟೆ ವ್ಯತ್ಯಾಸ ಇದೆ.

ಗೋಕಾಕ_ಹುಡುಗ
ಎರಡೂ ಸೇರಿಸುತ್ತೇನೆ ಸರ್. ಒಳಗೆ ಯುಟಿಸಿ, ಸ್ಕ್ರೀನ್ ಮೇಲೆ ನಮ್ಮ ಸಮಯ.

ವಿಜಯಪುರ_ನೇವಿ
ಸ್ಕ್ರೀನ್ ಮೇಲೆ ಎರಡೂ ಇರಲಿ.